ಸೌರ ಮಾರುತ ಓದಿದರೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಭೌತವಿಜ್ಞಾನ, ಗಣಿತ ಅವಳ ವಿಷಯ. ಸೂರ್ಯನಿಂದ ಬೀಸುವ ಗಾಳಿ ಗ್ರಹಗಳನ್ನು ಏನು ಮಾಡುತ್ತದೆ ಅನ್ನುವುದರ ಮೇಲೆ ಸಂಶೋಧನೆ ಮಾಡಬೇಕಂತೆ. ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಯಾರಿಗೂ ಇದು ಎಂಥ ಕೆಲಸ ಅಂತ ಗೊತ್ತಿಲ್ಲ. ಇಂಥವರು ದಿನವಿಡೀ ಏನು ಮಾಡುತ್ತಾರೆ? ದೂರದರ್ಶಕದಲ್ಲಿ ನೋಡುತ್ತಾ ಕೂರುತ್ತಾರಾ? ಎಷ್ಟು ವರ್ಷ ಓದಬೇಕು? ಕೊನೆಗೆ ಕೆಲಸ ಅಂತ ಒಂದು ಸಿಗುತ್ತಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದವನ್ನೆಲ್ಲ ನೀವು ಅದಕ್ಕಾಗಿಯೇ ಕೇಳಿದ್ದೀರಿ ಅಲ್ವಾ? ನನ್ನ ಅಪ್ಪನೂ ಹೀಗೇ ಊರೆಲ್ಲ ಸುತ್ತಿ ಅಲ್ಲಿಗೇ ಬರುತ್ತಿದ್ದರು.

ಕೆಲಸ ಸಿಗುತ್ತದೆ. ಬೇಗ ಸಿಗುವುದಿಲ್ಲ. ಮಗಳಿಗೆ ಈಗ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಎಂ.ಎಸ್ಸಿ.ಗೆ ಎರಡು ವರ್ಷ. ಪಿಎಚ್.ಡಿ.ಗೆ ಐದೋ ಆರೋ ವರ್ಷ. ಆಮೇಲೆ ಇಲ್ಲೋ ಹೊರದೇಶದಲ್ಲೋ ಪೋಸ್ಟ್‌ಡಾಕ್ ಅಂತ (ಪಿಎಚ್.ಡಿ. ಆದವರು ಮಾಡುವ ತಾತ್ಕಾಲಿಕ ಸಂಶೋಧನೆಯ ಕೆಲಸ) ಇನ್ನೊಂದು ಮೂರು ನಾಲ್ಕು ವರ್ಷ. ಕಾಯಂ ಹುದ್ದೆಯ ಪತ್ರ ಕೈಗೆ ಬರುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಹಾಗಂತ ಅಲ್ಲಿಯವರೆಗೆ ನೀವು ದುಡ್ಡು ಕಳಿಸುತ್ತಾ ಇರಬೇಕಾಗಿಲ್ಲ. ಪಿಎಚ್.ಡಿ.ಗೆ ಸೇರಿದ ತಿಂಗಳಿಂದಲೇ ಫೆಲೋಶಿಪ್ ಬರುತ್ತದೆ. ಜೂನಿಯರ್ ಫೆಲೋಗೆ ತಿಂಗಳಿಗೆ 37,000 ರೂಪಾಯಿ, ಸಾಮಾನ್ಯವಾಗಿ ಎರಡು ವರ್ಷ ಕಳೆದ ಮೇಲೆ 42,000. ಹಾಸ್ಟೆಲ್ ಕೊಡದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಇದರಲ್ಲಿ ಒಬ್ಬರ ಜೀವನ ನಡೆಯುತ್ತದೆ. ಐಟಿ ಕಂಪನಿಯಲ್ಲಿರುವ ಸೋದರತ್ತೆ ಮಗನ ಸಂಬಳದ ಪಕ್ಕ ಇಟ್ಟು ನೋಡಿದರೆ ಮಾತ್ರ ಎಲ್ಲರಿಗೂ ಬೇಜಾರಾಗುತ್ತದೆ. ದಯವಿಟ್ಟು ನೋಡಬೇಡಿ.

ನೀವು ತೋಟದವರು. ಗಿಡ ನೆಟ್ಟ ವರ್ಷವೇ ಫಸಲು ಕೇಳುವ ಅಭ್ಯಾಸ ನಿಮಗಿಲ್ಲ. ಅದು ಒಳ್ಳೆಯದಾಯಿತು. ಯಾಕಂದ್ರೆ ಈ ಕೆಲಸದಲ್ಲಿ ಕಾಯುವುದು ಓದಿನ ವರ್ಷಗಳ ಜೊತೆ ಮುಗಿಯುವುದಿಲ್ಲ. ಇಡೀ ಜೀವನವೇ ಹಾಗೆ ಸಾಗುತ್ತದೆ. ಅದನ್ನೇ ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಕೂತೆ.

ಮೊದಲು ದೂರದರ್ಶಕದ ವಿಷಯ. ನಾವು ಅದಕ್ಕೆ ಕಣ್ಣಿಡುವುದು ಬಹಳ ಕಡಿಮೆ. ಸೂರ್ಯನ ಚಿತ್ರ ತೆಗೆಯುವವರು ನಮ್ಮ ನೆಂಟರೇ, ಆದರೆ ಅವರದು ಬೇರೆ ಮನೆ. ಕೊಡೈಕನಾಲಿನಲ್ಲಿ ನೂರು ವರ್ಷಕ್ಕೂ ಮೇಲಿಂದ ಆ ಕೆಲಸ ನಡೆಯುತ್ತಿದೆ. ನೀವು ಹೇಳಿದ ಸೂರ್ಯನ ಗಾಳಿ, ಅಂದರೆ ಸೌರ ಮಾರುತ, ಎಷ್ಟು ತೆಳು ಅಂದರೆ, ಭೂಮಿಯ ಹತ್ತಿರ ಅದರ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಕಣ ಇದ್ದರೆ ಹೆಚ್ಚು. ನಿಮ್ಮ ತೋಟದ ಒಂದು ಕಾಫಿ ಹಣ್ಣಿನಷ್ಟು ಜಾಗ ಅಂದುಕೊಳ್ಳಿ. ಅಂಥದ್ದನ್ನು ದೂರದಿಂದ ನೋಡಿ ಸರಿಯಾಗಿ ಅಳೆಯುವುದು ಕಷ್ಟ. ಅದು ಬೀಸುವ ದಾರಿಯಲ್ಲೇ ಹೋಗಿ ನಿಲ್ಲಬೇಕು.

ನಿಮ್ಮ ಕಡೆ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದಲ್ಲ. ಬೆಳಗ್ಗೆ ಎದ್ದು ಎಷ್ಟು ಇಂಚು, ಎಷ್ಟು ಸೆಂಟ್ಸ್ ಅಂತ ಪುಸ್ತಕದಲ್ಲಿ ಬರೆದಿಡುತ್ತೀರಿ. ಅಜ್ಜನ ಕಾಲದ ಪುಸ್ತಕವೂ ಕಪಾಟಿನಲ್ಲಿ ಇರಬಹುದು. ಬಾಹ್ಯಾಕಾಶ ಭೌತವಿಜ್ಞಾನಿಯ ಕೆಲಸ ಹೆಚ್ಚುಕಮ್ಮಿ ಅದೇ. ಮಾಪಕ ಮಾತ್ರ ಅಂಗಳದಲ್ಲಿಲ್ಲ, 15 ಲಕ್ಷ ಕಿಲೋಮೀಟರ್ ಆಚೆ ಇದೆ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಅಲ್ಲಿ ಸುತ್ತುತ್ತಿದೆ. ಅದರಲ್ಲಿ ಕಣಗಳನ್ನು ಎಣಿಸುವ ಉಪಕರಣಗಳಿವೆ, ಒಂದನ್ನು ಅಹಮದಾಬಾದಿನ ಭೌತ ಸಂಶೋಧನಾಲಯ ಪಿಆರ್‌ಎಲ್, ಇನ್ನೊಂದನ್ನು ತಿರುವನಂತಪುರದ ಬಾಹ್ಯಾಕಾಶ ಭೌತ ಪ್ರಯೋಗಾಲಯ ಎಸ್‌ಪಿಎಲ್ ಮಾಡಿದವು. ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಬೆಂಗಳೂರಿನಲ್ಲೇ ತಯಾರಾಯಿತು. ಇವು ಕೊಡುವುದು ಬರೀ ಅಂಕಿಗಳನ್ನು. ಇಷ್ಟು ಹೊತ್ತಿಗೆ ಇಷ್ಟು ವೇಗ, ಇಷ್ಟು ಕಣ, ಕಾಂತಕ್ಷೇತ್ರ ಇಷ್ಟು, ಇಂಥ ದಿಕ್ಕಿಗೆ. ಅದನ್ನು ಗ್ರಾಫಿನಲ್ಲಿ ಹಾಕಿದರೆ ಅಂಕುಡೊಂಕಾದ ನಾಲ್ಕೈದು ಗೆರೆಗಳು. ನಿಮ್ಮ ಮಗಳು ದಿನವಿಡೀ ನೋಡುತ್ತಾ ಕೂರುವುದು ಆ ಗೆರೆಗಳನ್ನು.

ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾಳೆ? ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾಳೆ, ಅದು ಯಾಕೆ ಓಡುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾಳೆ. ಪ್ರಬಂಧ ಬರೆಯುತ್ತಾಳೆ. ಅದನ್ನು ತಿರಸ್ಕರಿಸಿದ ಅನಾಮಿಕ ಪರಿಶೀಲಕರಿಗೆ ನಯವಾದ ಮಾತಿನಲ್ಲಿ ಉತ್ತರ ಕೊಡುತ್ತಾಳೆ. ರಾಕೆಟ್ ಹಾರುವುದನ್ನು ಎಲ್ಲರ ಹಾಗೆ ಟಿವಿಯಲ್ಲಿ ನೋಡುತ್ತಾಳೆ.

ಈಗ ಈ ಗಾಳಿ ಏನು ಅಂತ ಹೇಳಿಬಿಡುತ್ತೇನೆ, ಊಟಕ್ಕೆ ಕೂತಾಗ ಮಗಳ ಜೊತೆ ಮಾತಾಡಲು ಬೇಕಾಗುತ್ತದೆ. ಸೂರ್ಯನ ಹೊರಗಿನ ಪದರ ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ ಕಾದಿರುತ್ತದೆ. ಅಷ್ಟು ಕಾದದ್ದನ್ನು ಸೂರ್ಯನ ಸೆಳೆತವೂ ಹಿಡಿದಿಡಲಾರದು. ಅದು ಎಲ್ಲ ಕಡೆಗೂ ಹರಿದು ಹೊರಡುತ್ತದೆ. ವೇಗ ಸೆಕೆಂಡಿಗೆ 400 ಕಿಲೋಮೀಟರ್ ಆಸುಪಾಸು, ಕೆಲವೊಮ್ಮೆ 700, 800. ಭೂಮಿಗೆ ಬರಲು ಎರಡರಿಂದ ನಾಲ್ಕು ದಿನ. ಬರುವಾಗ ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದು ತರುತ್ತದೆ. ಹೂವಿಗೆ ನೀರು ಕೊಡಲು ಸ್ಪ್ರಿಂಕ್ಲರ್ ಬಿಟ್ಟಾಗ ನೋಡಿರುತ್ತೀರಿ. ಪ್ರತಿ ಹನಿಯೂ ನೆಟ್ಟಗೆ ಹೊರಕ್ಕೇ ಹೋಗುತ್ತದೆ. ಆದರೆ ತಲೆ ತಿರುಗುತ್ತಿರುವುದರಿಂದ ನೀರಿನ ಗೆರೆ ಬಾಗಿ ಕಾಣುತ್ತದೆ. ಸೂರ್ಯನೂ ತಿರುಗುತ್ತಾನೆ, ಅವನ ಕಾಂತಕ್ಷೇತ್ರದ ಗೆರೆಗಳೂ ಹಾಗೇ ಬಾಗುತ್ತವೆ. ಭೂಮಿಗೆ ತಲುಪುವಾಗ ಸುಮಾರು 45 ಡಿಗ್ರಿ ಓರೆಯಾಗಿರುತ್ತವೆ.

ಈ ಹರಿವಿಗೆ ಗ್ರಹ ಅಡ್ಡ ಸಿಕ್ಕಾಗ ಏನಾಗುತ್ತದೆ ಅನ್ನುವುದೇ ನಿಮ್ಮ ಮಗಳ ವಿಷಯ. ಹೇಮಾವತಿಯಲ್ಲಿ ಮಳೆಗಾಲದ ನೀರು ಬಂಡೆಗೆ ಹೊಡೆಯುವಾಗ ಬಂಡೆಯ ಮುಂದೆ ಉಬ್ಬಿಕೊಂಡು ಎರಡೂ ಬದಿಗೆ ಸೀಳುತ್ತದೆ. ಭೂಮಿಗೆ ತನ್ನದೇ ಕಾಂತಕ್ಷೇತ್ರ ಇರುವುದರಿಂದ ಈ ಸೀಳು ನೆಲದಿಂದ ಹತ್ತಾರು ಸಾವಿರ ಕಿಲೋಮೀಟರ್ ದೂರದಲ್ಲೇ ಆಗಿಬಿಡುತ್ತದೆ. ಚಂದ್ರನಿಗೆ ಆ ಬೇಲಿ ಇಲ್ಲ, ಗಾಳಿ ನೇರ ಮಣ್ಣಿಗೇ ಬಡಿಯುತ್ತದೆ. ಬಡಿದದ್ದು ಹೆಚ್ಚುಕಮ್ಮಿ ಪೂರ್ತಿ ಮಣ್ಣಿನಲ್ಲೇ ಇಂಗಿಹೋಗುತ್ತದೆ ಅಂತ ಬಹಳ ಕಾಲ ನಂಬಿದ್ದರು. ಚಂದ್ರಯಾನ-1ರಲ್ಲಿ ಸ್ವೀಡನ್ನಿನ ಕಿರುನಾ ಊರಿನ ಬಾಹ್ಯಾಕಾಶ ಸಂಸ್ಥೆಯವರೂ ನಮ್ಮ ಎಸ್‌ಪಿಎಲ್‌ನವರೂ ಸೇರಿ ಕಳಿಸಿದ ಸಾರಾ ಎಂಬ ಉಪಕರಣ ಇತ್ತು. ಅದು ನೋಡಿದಾಗ ಬಂದ ಪ್ರೋಟಾನುಗಳಲ್ಲಿ ಐದರಲ್ಲೊಂದು ಪಾಲಿನವರೆಗೂ ಹೈಡ್ರೊಜನ್ ಪರಮಾಣುಗಳಾಗಿ ವಾಪಸ್ ಪುಟಿಯುತ್ತಿದ್ದವು. ಚಂದ್ರನ ನೀರಿನ ಸುದ್ದಿಯ ಗದ್ದಲದಲ್ಲಿ ಇದು ಪತ್ರಿಕೆಗಳಲ್ಲಿ ಮುಚ್ಚಿಹೋಯಿತು. ನನ್ನನ್ನು ಕೇಳಿದರೆ ಅಷ್ಟೇ ದೊಡ್ಡ ಸುದ್ದಿ.

ಮಂಗಳನ ಕತೆ ಇನ್ನೂ ಚೆನ್ನಾಗಿದೆ. ಅಲ್ಲಿ ಒಂದು ಕಾಲಕ್ಕೆ ನೀರು ಹರಿದ ಗುರುತುಗಳಿವೆ. ಹಾಗಿದ್ದರೆ ದಪ್ಪ ವಾತಾವರಣವೂ ಇದ್ದಿರಬೇಕು. ಅದು ಎಲ್ಲಿ ಹೋಯಿತು? ನಮ್ಮ ಮಂಗಳಯಾನಕ್ಕಿಂತ ಎರಡು ದಿನ ಮೊದಲು, 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇವನ್ ನೌಕೆ ಮಂಗಳನ ಕಕ್ಷೆ ಸೇರಿತು. ಅದರ ಕೆಲಸವೇ ಈ ಕಳ್ಳತನದ ತನಿಖೆ. ಈಗಲೂ ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿ ಸೋರಿ ಹೋಗುತ್ತಿದೆ ಅಂತ ಅದು ಲೆಕ್ಕ ಹಾಕಿತು. ಹಿಂದೆ ಎಷ್ಟು ಹೋಯಿತು ಅಂತ ತಿಳಿಯಲು ಆರ್ಗಾನ್ ಅನಿಲವನ್ನು ಹಿಡಿದರು. ಆರ್ಗಾನ್ ಯಾವುದರ ಜೊತೆಗೂ ಸೇರುವುದಿಲ್ಲ, ಕಲ್ಲಿನಲ್ಲಿ ಅಡಗಿ ಕೂರುವುದಿಲ್ಲ, ಹೋದರೆ ಆಕಾಶಕ್ಕೇ ಹೋಗಬೇಕು. ಅದರಲ್ಲಿ ಹಗುರ ಜಾತಿ ಒಂದು, ಭಾರದ ಜಾತಿ ಒಂದು.

ಕಣದಲ್ಲಿ ಭತ್ತ ತೂರುವಾಗ ಹೊಟ್ಟು ಗಾಳಿಗೆ ಹಾರುತ್ತದೆ, ಕಾಳು ಕಾಲ ಬುಡದಲ್ಲಿ ಬೀಳುತ್ತದೆ. ಮಂಗಳನ ಮೇಲೆ ಆಗಿದ್ದೂ ಹಾಗೇ. ಹಗುರ ಆರ್ಗಾನ್ ಜಾಸ್ತಿ ಹಾರಿಹೋಗಿ, ಭಾರದ್ದು ಉಳಿದ ಪ್ರಮಾಣ ಏರಿತ್ತು. ಎಷ್ಟು ತೂರಿದ್ದಾರೆ ಅಂತ ಉಳಿದ ರಾಶಿ ನೋಡಿ ಹೇಳಿದ ಹಾಗೆ, ಒಟ್ಟು ಆರ್ಗಾನಿನಲ್ಲಿ ಮೂರನೇ ಎರಡು ಪಾಲು ಹಾರಿಹೋಗಿದೆ ಅಂತ 2017ರಲ್ಲಿ ಹೇಳಿದರು. ಸೂರ್ಯನ ಗಾಳಿಯೇ ಆ ಮೊರದ ಹಿಂದಿನ ಮುಖ್ಯ ಗಾಳಿ. ಇಂಥ ಒಂದು ವಾದ ಕಟ್ಟುವುದಕ್ಕೆ ಹತ್ತಾರು ಜನ ವರ್ಷಗಟ್ಟಲೆ ಗೆರೆ ಓದಿರುತ್ತಾರೆ.

ಈ ಗಾಳಿಯನ್ನು ಲೆಕ್ಕದಲ್ಲಿ ಕಂಡವರು ಶಿಕಾಗೊದ ಯೂಜೀನ್ ಪಾರ್ಕರ್. 1958ರಲ್ಲಿ. ಇಬ್ಬರು ಪರಿಶೀಲಕರು ಪ್ರಬಂಧ ಬೇಡ ಅಂದರು. ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೂ ಈ ವಿಚಾರ ಹಿಡಿಸಿರಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ, ಅಚ್ಚು ಹಾಕಿದರು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್-2 ಮೂರು ತಿಂಗಳಿಗೂ ಜಾಸ್ತಿ ದಾರಿಯುದ್ದಕ್ಕೂ ಅಳೆಯಿತು. ಗಾಳಿ ಒಂದು ದಿನವೂ ನಿಂತಿರಲಿಲ್ಲ. ಆ ಅಳತೆ ಮಾಡಿದ ಇಬ್ಬರಲ್ಲಿ ಒಬ್ಬರು ಮಾರ್ಸಿಯಾ ನ್ಯೂಗೆಬಾವರ್ ಎಂಬ ಮಹಿಳೆ. ಪಾರ್ಕರ್ ತಮ್ಮ ಹೆಸರಿನ ನೌಕೆ ಸೂರ್ಯನತ್ತ ಹಾರುವುದನ್ನು 2018ರಲ್ಲಿ, 91ನೇ ವಯಸ್ಸಿನಲ್ಲಿ, ನಿಂತು ನೋಡಿದರು. ಲೆಕ್ಕ ಬರೆದ 60 ವರ್ಷಕ್ಕೆ.

ಅದೇ ಮ್ಯಾರಿನರ್-2ರ ಅಂಕಿಗಳ ಮೇಲೆ ಕೆಲಸ ಮಾಡಿದವರಲ್ಲಿ ನಮ್ಮ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಕೂಡ ಇದ್ದರು. ಇಸ್ರೋ ಅಧ್ಯಕ್ಷರು, ಆರ್ಯಭಟ ಕಟ್ಟಿದವರು ಅಂತ ಎಲ್ಲರಿಗೂ ಗೊತ್ತು. ಆದರೆ ಅವರ ಮೂಲ ಕಸುಬು ಇದೇ. ವಿಕ್ರಮ್ ಸಾರಾಭಾಯಿ ಅವರ ಬಳಿ ಕಾಸ್ಮಿಕ್ ಕಿರಣಗಳ ಮೇಲೆ ಪಿಎಚ್.ಡಿ. ಮಾಡಿ, 1960ರ ದಶಕದ ಮೊದಲಲ್ಲಿ ಅಮೆರಿಕಕ್ಕೆ ಹೋದರು. ಸೌರ ಮಾರುತ ಬಿಡುವಿಲ್ಲದೆ ಬೀಸುತ್ತದೆ, ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ ಅನ್ನುವುದನ್ನು ಆ ನೌಕೆಯ ಅಳತೆಗಳಿಂದ ತೋರಿಸಿದವರಲ್ಲಿ ಅವರೂ ಒಬ್ಬರು. ಪಯೋನಿಯರ್ ಸರಣಿಯ ನೌಕೆಗಳಲ್ಲಿ ಅವರ ಉಪಕರಣಗಳು ಹಾರಿದವು. ಆಮೇಲೆ ದೇಶಕ್ಕೆ ಮರಳಿ, ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿಸಿದರು. ಅದು 1975ರ ಏಪ್ರಿಲ್ 19ರಂದು ಹಾರಿತು. ಗೆರೆ ಓದಲು ಕಲಿತವರು ಕೊನೆಯವರೆಗೂ ಗೆರೆಯನ್ನೇ ಓದಬೇಕು ಅಂತೇನೂ ಇಲ್ಲ ನೋಡಿ.

ನನ್ನ ಸ್ವಂತ ಕತೆ ಇಷ್ಟು ದೊಡ್ಡದಲ್ಲ. ಆದರೂ ಒಂದನ್ನು ಹೇಳಬೇಕು. ಪಿಎಚ್.ಡಿ.ಯ ಮೊದಲ ವರ್ಷ. ಒಂದು ಹಳೆಯ ನೌಕೆಯ ಕಾಂತಕ್ಷೇತ್ರದ ಅಂಕಿಗಳಲ್ಲಿ ನನಗೊಂದು ಅಲೆ ಕಂಡಿತು. ಏನು ಚಂದದ ಅಲೆ! ಏರು, ಇಳಿ, ಏರು, ಇಳಿ. ಯಾವ ಪುಸ್ತಕದಲ್ಲೂ ಇರಲಿಲ್ಲ. ಎಂಟು ತಿಂಗಳು ಅದರ ಹಿಂದೆ ಬಿದ್ದೆ. ಸಿದ್ಧಾಂತವನ್ನೂ ಹೊಸೆದೆ. ಗೈಡ್ ಹತ್ತಿರ ಹೋಗಿ ಗ್ರಾಫ್ ಹರಡಿದೆ. ಅವರು ಸ್ಕೇಲ್ ತೆಗೆದು ಎರಡು ಏರುಗಳ ನಡುವಿನ ಅಂತರ ಅಳೆದರು. ಮುಂದಿನ ಎರಡರದ್ದೂ ಅಳೆದರು. ಎಲ್ಲ ಒಂದೇ. "ಇದಕ್ಕೆ ಗಡಿಯಾರ ಕಟ್ಟಿದ ಹಾಗಿದೆಯಲ್ಲಪ್ಪಾ" ಅಂದರು. ನೌಕೆ ತನ್ನ ಸುತ್ತಲೇ ತಿರುಗುತ್ತಿತ್ತು, ಅದರ ಲೋಹ ಮತ್ತು ತಂತಿಗಳ ಸಣ್ಣ ಕಾಂತಕ್ಷೇತ್ರ ಪ್ರತಿ ಸುತ್ತಿಗೂ ನನ್ನ ಅಂಕಿಗಳಲ್ಲಿ ಬಂದು ಕೂತಿತ್ತು. ನಾನು ಎಂಟು ತಿಂಗಳು ಅಧ್ಯಯನ ಮಾಡಿದ್ದು ಸೂರ್ಯನನ್ನಲ್ಲ, ಬಡಪಾಯಿ ನೌಕೆಯ ಬುಗುರಿ ಆಟವನ್ನು.

ಆವತ್ತು ಹಾಸ್ಟೆಲ್ಲಿನಲ್ಲಿ ಊಟ ಸೇರಲಿಲ್ಲ. ಈಗ ಯೋಚಿಸಿದರೆ, ಕೆಲಸ ಕಲಿತದ್ದು ಅವತ್ತೇ. ಭೂಮಿಯ ಕಾಂತಕ್ಷೇತ್ರ ನಮ್ಮ ನೆಲದಲ್ಲಿ ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ಇದ್ದರೆ, ಸೌರ ಮಾರುತದಲ್ಲಿರುವುದು ಸುಮಾರು 5. ಅಷ್ಟು ಸಣ್ಣದನ್ನು ಅಳೆಯುವಾಗ ನೌಕೆಯ ಒಂದು ಸ್ಕ್ರೂ ಕೂಡ ಸುಳ್ಳು ಸಾಕ್ಷಿ ಹೇಳಬಲ್ಲದು. ಆದಿತ್ಯದಲ್ಲಿ ಮ್ಯಾಗ್ನೆಟೋಮೀಟರನ್ನು 6 ಮೀಟರ್ ಉದ್ದದ ಕೋಲಿನ ಮೇಲೆ ದೂರ ಇಟ್ಟಿರುವುದು ಇದಕ್ಕೇ. ತುದಿಯಲ್ಲಿ ಒಂದು, ನಡುವೆ ಒಂದು. ಎರಡರ ವ್ಯತ್ಯಾಸ ನೋಡಿ ನೌಕೆಯ ಪಾಲು ಎಷ್ಟು ಅಂತ ಕಳೆಯುತ್ತಾರೆ.

ಮಗಳ ಮುಂದೆ ಒಂದು ಮಾದರಿ ಇಡಬೇಕು ಅಂತಿದ್ದರೆ ನಾನು ಮಾರ್ಗರೆಟ್ ಕಿವೆಲ್ಸನ್ ಅವರನ್ನು ಇಡುತ್ತೇನೆ. ಹುಟ್ಟಿದ್ದು 1928ರಲ್ಲಿ, ಅಮೆರಿಕದಲ್ಲಿ. 1957ರಲ್ಲಿ ಹಾರ್ವರ್ಡಿನಲ್ಲಿ ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಗ್ರಹಗಳಿಗೂ ಆ ಓದಿಗೂ ಸಂಬಂಧವೇ ಇರಲಿಲ್ಲ. ಮಕ್ಕಳು, ಸಂಸಾರ, ಜೊತೆಗೆ ಒಂದು ಸಂಸ್ಥೆಗೆ ಸಲಹೆಗಾರ್ತಿ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿ ಈ ಕ್ಷೇತ್ರಕ್ಕೆ ಬಂದಾಗ ವಯಸ್ಸು ನಲವತ್ತರ ಹತ್ತಿರ. ಮದುವೆ ಆದಮೇಲೆ ಇದೆಲ್ಲ ಹೇಗೆ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಈ ಹೆಸರು ನೆನಪಿಟ್ಟುಕೊಳ್ಳಿ.

1970ರ ದಶಕದಲ್ಲಿ ಗುರುಗ್ರಹಕ್ಕೆ ಹೋಗುವ ಗೆಲಿಲಿಯೊ ನೌಕೆಯ ಮ್ಯಾಗ್ನೆಟೋಮೀಟರ್ ತಂಡದ ಮುಖ್ಯಸ್ಥೆಯಾಗಿ ಅವರು ಆಯ್ಕೆಯಾದರು. ಆಮೇಲೆ ಶುರುವಾಯಿತು ಕಾಯುವುದು. ಉಡಾವಣೆ ಮುಂದೆ ಹೋಯಿತು. 1986ರಲ್ಲಿ ಚಾಲೆಂಜರ್ ಶಟಲ್ ಸಿಡಿಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 1989ರ ಅಕ್ಟೋಬರಿನಲ್ಲಿ ಹಾರಿತು. ದಾರಿಯಲ್ಲಿ, 1991ರಲ್ಲಿ, ಕೊಡೆಯ ಹಾಗೆ ಮಡಿಸಿಟ್ಟಿದ್ದ ದೊಡ್ಡ ಆಂಟೆನಾ ಬಿಚ್ಚಲೇ ಇಲ್ಲ. ಮಳೆಗಾಲದಲ್ಲಿ ಕೊಡೆ ಕೈಕೊಟ್ಟರೆ ನಾವು ಬೈದುಕೊಂಡು ನೆನೆಯುತ್ತೇವೆ, ಅವರಿಗೆ ಅದೂ ಆಗಲಿಲ್ಲ. ಸಣ್ಣ ಆಂಟೆನಾದಲ್ಲಿ ತೊಟ್ಟು ತೊಟ್ಟಾಗಿ ಅಂಕಿಗಳನ್ನು ತರಿಸಿಕೊಂಡರು. ಚಿತ್ರ ತೆಗೆಯುವವರಿಗೆ ಅದು ದೊಡ್ಡ ಪೆಟ್ಟು. ಮ್ಯಾಗ್ನೆಟೋಮೀಟರಿಗೆ ಅಷ್ಟಾಗಿ ತಟ್ಟಲಿಲ್ಲ, ಅದರ ಅಂಕಿಗಳು ಮೊದಲೇ ಕಡಿಮೆ.

1995ರ ಡಿಸೆಂಬರಿನಲ್ಲಿ ಗುರು ಸಿಕ್ಕಿತು. ಮರುವರ್ಷವೇ ಗ್ಯಾನಿಮೀಡ್ ಎಂಬ ಉಪಗ್ರಹಕ್ಕೆ ತನ್ನದೇ ಕಾಂತಕ್ಷೇತ್ರ ಇದೆ ಅಂತ ಗೊತ್ತಾಯಿತು. ಒಂದು ಉಪಗ್ರಹಕ್ಕೆ ಅಂಥದ್ದು ಕಂಡದ್ದು ಅದೇ ಮೊದಲು.

ಆದರೆ ಗುರುವಿನ ಇನ್ನೊಂದು ಉಪಗ್ರಹ, ಮಂಜು ಮುಚ್ಚಿದ ಯೂರೋಪಾದ ಕತೆಯೇ ನನಗೆ ಹೆಚ್ಚು ಇಷ್ಟ. ಗುರುವಿನ ಕಾಂತ ಅಕ್ಷ ಸುಮಾರು 10 ಡಿಗ್ರಿ ವಾಲಿಕೊಂಡಿದೆ. ಗುರು ತಿರುಗುವಾಗ ಅದರ ಕಾಂತಕ್ಷೇತ್ರ ತೂಗಾಡುತ್ತದೆ. ಆ ತೂಗಾಟದಿಂದ ಯೂರೋಪಾದ ಮೇಲೆ ಕ್ಷೇತ್ರದ ಒಂದು ಪಾಲು ಐದೂವರೆ ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ನಿಮ್ಮ ಅಡುಗೆಮನೆಯ ಇಂಡಕ್ಷನ್ ಒಲೆ ನೆನಪು ಮಾಡಿಕೊಳ್ಳಿ. ಒಲೆಯೊಳಗೆ ಕಾಂತಕ್ಷೇತ್ರ ಹಿಂದೆ ಮುಂದೆ ಆಡುತ್ತದೆ, ಮೇಲಿಟ್ಟ ಪಾತ್ರೆಯಲ್ಲಿ ಕರೆಂಟ್ ಹುಟ್ಟುತ್ತದೆ. ಗಾಜಿನ ಪಾತ್ರೆ ಇಟ್ಟರೆ ಏನೂ ಆಗುವುದಿಲ್ಲ. ಹಾಗಾದರೆ ಯೂರೋಪಾ ಲೋಹದ ಪಾತ್ರೆಯಂಥದ್ದೋ ಗಾಜಿನ ಪಾತ್ರೆಯಂಥದ್ದೋ? ಕರೆಂಟ್ ಹುಟ್ಟಿದರೆ ಅದಕ್ಕೂ ಒಂದು ಸಣ್ಣ ಕಾಂತಕ್ಷೇತ್ರ ಇರುತ್ತದೆ, ಮತ್ತು ಗುರುವಿನದು ದಿಕ್ಕು ಬದಲಿಸಿದಾಗಲೆಲ್ಲ ಅದೂ ಬದಲಿಸಬೇಕು. ಹುಟ್ಟಿನಿಂದಲೇ ಇರುವ ಕಾಂತವಾದರೆ ಬದಲಾಗುವುದಿಲ್ಲ.

ಅದಕ್ಕೆ ಮುಹೂರ್ತ ನೋಡಿ ಹೋಗಬೇಕಾಯಿತು. 2000ದ ಜನವರಿ 3ರಂದು, ಗುರುವಿನ ಕ್ಷೇತ್ರ ಹಿಂದಿನ ಮುಖ್ಯ ಭೇಟಿಗಳಿಗಿಂತ ಎದುರು ದಿಕ್ಕಿನಲ್ಲಿರುವ ಹೊತ್ತಿಗೆ, ಗೆಲಿಲಿಯೊ ಯೂರೋಪಾದ ಪಕ್ಕ ಹಾದಿತು. ಗೆರೆ ತಿರುಗಿತ್ತು. ಹೆಪ್ಪುಗಟ್ಟಿದ ಮಂಜಿನಲ್ಲಿ ಅಷ್ಟು ಕರೆಂಟ್ ಹರಿಯುವುದಿಲ್ಲ. ಉಪ್ಪು ನೀರು ಬೇಕು. ಮಂಜಿನ ಕೆಳಗೆ ಸಮುದ್ರ ಇದೆ ಅನ್ನುವ ಮಾತಿಗೆ ಇವತ್ತಿಗೂ ಇರುವ ಗಟ್ಟಿ ಆಧಾರ ಆ ತಿರುಗಿದ ಗೆರೆ. ಒಂದು ಹನಿ ನೀರನ್ನೂ ಕಾಣದೆ ಸಮುದ್ರವನ್ನು ಹಿಡಿದದ್ದು.

ಅಲ್ಲಿಗೆ ಮುಗಿಯಲಿಲ್ಲ. ಗೆಲಿಲಿಯೊ 2003ರಲ್ಲಿ ಗುರುವಿನೊಳಗೆ ಬಿದ್ದು ಸುಟ್ಟುಹೋಯಿತು. ಅಂಕಿಗಳು ಉಳಿದವು, ನಿಮ್ಮ ಅಜ್ಜನ ಮಳೆ ಪುಸ್ತಕದ ಹಾಗೆ. 1997ರ ಡಿಸೆಂಬರಿನ ಒಂದು ಭೇಟಿಯಲ್ಲಿ ಗೆರೆ ಕೆಲವೇ ನಿಮಿಷ ವಿಚಿತ್ರವಾಗಿ ಬಾಗಿತ್ತು. ಆಗ ಯಾರಿಗೂ ಅದರ ಅರ್ಥ ಆಗಿರಲಿಲ್ಲ. 20 ವರ್ಷದ ಮೇಲೆ, 2018ರಲ್ಲಿ, ಕಿವೆಲ್ಸನ್ ಮತ್ತು ಜೊತೆಯವರು ಹೊಸ ಕಂಪ್ಯೂಟರ್ ಲೆಕ್ಕ ಹಾಕಿ, ನೌಕೆ ಯೂರೋಪಾದಿಂದ ಚಿಮ್ಮುತ್ತಿದ್ದ ನೀರಾವಿಯ ಕಾರಂಜಿಯ ನಡುವೆ ಹಾದಿರಬೇಕು ಅಂತ ವಾದಿಸಿದರು. ಆಗ ಅವರಿಗೆ ಸುಮಾರು 90. ಈಗ ಯೂರೋಪಾ ಕ್ಲಿಪ್ಪರ್ ಅನ್ನುವ ನೌಕೆ ದಾರಿಯಲ್ಲಿದೆ. 2024ರ ಅಕ್ಟೋಬರಿನಲ್ಲಿ ಹೊರಟಿತು, ತಲುಪುವುದು 2030ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಮಗಳು ಪಿಎಚ್.ಡಿ.ಗೆ ಸೇರಿರಬಹುದು. ಲೆಕ್ಕ ಸರಿಯಾಗೇ ಕೂಡುತ್ತದೆ.

ನಮ್ಮಲ್ಲೂ ಕಾಯುವುದು ಕಡಿಮೆ ಇಲ್ಲ. ಆದಿತ್ಯದ ಯೋಚನೆ ಹುಟ್ಟಿದ್ದು 2008ರಲ್ಲಿ, ಆಗ ಭೂಮಿಯನ್ನೇ ಸುತ್ತುವ ಸಣ್ಣ ಉಪಗ್ರಹ, ಒಂದೇ ಉಪಕರಣ. ಬೆಳೆದು ಬೆಳೆದು ಏಳು ಉಪಕರಣಗಳಾಗಿ ಹಾರಿದ್ದು 2023ರ ಸೆಪ್ಟೆಂಬರ್ 2ಕ್ಕೆ. ಆ 15 ವರ್ಷದಲ್ಲಿ ಇದನ್ನೇ ನಂಬಿ ಸೇರಿದ ವಿದ್ಯಾರ್ಥಿಗಳು ಪಿಎಚ್.ಡಿ. ಮುಗಿಸಿ ಬೇರೆ ನೌಕೆಗಳ ಅಂಕಿಗಳ ಮೇಲೆ ಬದುಕು ಕಟ್ಟಿಕೊಂಡರು. ಹಾಗಾಗಿ ಮಗಳಿಗೆ ಒಂದು ಮಾತು: ಮುಂದೆ ಹಾರಲಿರುವ ನೌಕೆಯನ್ನು ನಂಬಿ ಪ್ರಬಂಧದ ವಿಷಯ ಆರಿಸಿಕೊಳ್ಳಬಾರದು. ಕಪಾಟಿನಲ್ಲಿ ಆಗಲೇ ಇರುವ ಅಂಕಿಗಳಲ್ಲಿ ಆರಿಸಿಕೊಳ್ಳಬೇಕು. ಹೊಸದು ಬಂದರೆ ಬೋನಸ್.

ದಾರಿ ಹೇಗೆ ಅಂತ ಚುಟುಕಾಗಿ ಹೇಳುತ್ತೇನೆ, ಇದನ್ನೆಲ್ಲ ಕಾಲೇಜಿನ ಮೇಷ್ಟ್ರೂ ಹೇಳಬಲ್ಲರು. ಎಂ.ಎಸ್ಸಿ. ಭೌತವಿಜ್ಞಾನದಲ್ಲೇ ಆಗಲಿ, 'ಸ್ಪೇಸ್' ಅಂತ ಹೆಸರಿರುವ ಕೋರ್ಸೇ ಬೇಕಂತಿಲ್ಲ. ವಿದ್ಯುತ್ಕಾಂತ ಸಿದ್ಧಾಂತ ಮತ್ತು ಪ್ಲಾಸ್ಮಾ (ವಿದ್ಯುತ್ ಕಣಗಳಾಗಿ ಒಡೆದ ಅನಿಲ) ಗಟ್ಟಿಯಾಗಿರಬೇಕು. ಕೊನೆಯ ವರ್ಷ ಪಿಎಚ್.ಡಿ. ಪ್ರವೇಶಕ್ಕೆ ನೆಟ್, ಜೆಸ್ಟ್, ಗೇಟ್ ಪರೀಕ್ಷೆಗಳು. ಪಿಆರ್‌ಎಲ್, ಎಸ್‌ಪಿಎಲ್, ನವಿ ಮುಂಬೈಯ ಭೂಕಾಂತತ್ವ ಸಂಸ್ಥೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಇವು ಮುಖ್ಯ ಜಾಗಗಳು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಬಳಿ ಕೆಲಸ ಮಾಡುವ ಫೆಲೋಶಿಪ್‌ಗಳನ್ನು ವಿಜ್ಞಾನ ಅಕಾಡೆಮಿಗಳು ಕೊಡುತ್ತವೆ. ಅದಕ್ಕೆ ಈ ವರ್ಷವೇ ಅರ್ಜಿ ಹಾಕಲಿ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊದಲ ಸೆಮಿನಾರಿನಲ್ಲಿ ಕಾಲು ನಡುಗಿತ್ತು. ಮೂರನೆಯದಕ್ಕೆ ನಿಂತಿತು. ಆ ಭಯಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಪಿಎಚ್.ಡಿ. ಮಾಡಿದವರೆಲ್ಲ ವಿಜ್ಞಾನಿಗಳೇ ಆಗುತ್ತಾರೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾಯಂ ಹುದ್ದೆಗಳು ಕಡಿಮೆ. ನನ್ನ ಜೊತೆಯವರಲ್ಲಿ ಕೆಲವರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಒಬ್ಬರು ಬ್ಯಾಂಕಿಗೆ ಅಂಕಿಅಂಶದ ಲೆಕ್ಕ ಹಾಕುತ್ತಾರೆ, ಒಬ್ಬರು ಉಪಗ್ರಹ ನಡೆಸುವ ಕಂಪನಿಯಲ್ಲಿದ್ದಾರೆ. ಈ ಕೊನೆಯದಕ್ಕೆ ಬೇಡಿಕೆ ಏರುತ್ತಿದೆ. 2022ರ ಫೆಬ್ರುವರಿಯಲ್ಲಿ ಒಂದು ಸಾಧಾರಣ ಕಾಂತ ಬಿರುಗಾಳಿಯಿಂದ (ಸೌರ ಮಾರುತ ಜೋರಾಗಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುವುದು) ಮೇಲಿನ ವಾತಾವರಣ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಕೆಳಗೆ ಬೀಳುತ್ತಲೇ ಸುಟ್ಟುಹೋದವು. 1989ರ ಮಾರ್ಚಿನಲ್ಲಿ ಕೆನಡಾದ ಕ್ಯೂಬೆಕ್ ಪ್ರಾಂತ್ಯ ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿತ್ತು, ಅದಕ್ಕೂ ಇದೇ ಕಾರಣ. ಗೆರೆ ಓದಿ ಮೊದಲೇ ಕೂಗಿ ಹೇಳುವವರು ಬೇಕಾಗಿದ್ದಾರೆ. ಆದಿತ್ಯ ಇರುವ ಜಾಗದಿಂದ ಭೂಮಿಗೆ ಗಾಳಿ ಬರಲು ಒಂದು ಗಂಟೆ, ಜೋರಾಗಿದ್ದರೆ ಅರ್ಧ ಗಂಟೆ. ಅಷ್ಟೇ ಸಮಯ.

ಇನ್ನು, ಈ ಕೆಲಸ ಅವಳಿಗೆ ಹೊಂದುತ್ತದೋ ಇಲ್ಲವೋ ಅಂತ ತಿಳಿಯಲು ಹನ್ನೆರಡು ವರ್ಷ ಕಾಯಬೇಕಾಗಿಲ್ಲ. ಒಂದು ಭಾನುವಾರ ಸಾಕು. ಆದಿತ್ಯದ ಅಂಕಿಗಳನ್ನು ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರುವ ಇಸ್ರೋ ಡೇಟಾ ಕೇಂದ್ರ ಪ್ರದಾನ್ ಎಂಬ ತಾಣದಲ್ಲಿ ಪುಕ್ಕಟೆ ಕೊಡುತ್ತದೆ. ನಾಸಾದ ಓಮ್ನಿ ಎಂಬ ಸಂಗ್ರಹ ಶುರುವಿಗೆ ಇನ್ನೂ ಸುಲಭ. ಅದರಲ್ಲಿ 2024ರ ಮೇ 10 ಮತ್ತು 11ರ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಹಾಕಲಿ. 20 ವರ್ಷಗಳಲ್ಲೇ ದೊಡ್ಡ ಕಾಂತ ಬಿರುಗಾಳಿ ಅದು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ಅವತ್ತೇ ರಾತ್ರಿ. ನಮ್ಮ ಗಡಿಯಾರದಲ್ಲಿ ಮೇ 10ರ ರಾತ್ರಿ ಹತ್ತೂವರೆ ಹೊತ್ತಿಗೆ ಎಲ್ಲ ಗೆರೆಗಳೂ ಒಟ್ಟಿಗೆ ಜಿಗಿದಿರುತ್ತವೆ. ಅಂಕಿಗಳ ಸಮಯ ಗ್ರೀನಿಚ್ಚಿನದು, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯುವುದು ಮರೆಯಬಾರದು. ಹುಡುಗರು ಮೊದಲು ಎಡವುವುದು ಅಲ್ಲೇ.

ಆಮೇಲೆ ಬಿ-ಜೆಡ್ ಅನ್ನುವ ಗೆರೆ ನೋಡಲಿ, ಸೌರ ಮಾರುತದ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಪಾಲು ಅದು. ಅದು ಸೊನ್ನೆಗಿಂತ ಕೆಳಗೆ, ಅಂದರೆ ದಕ್ಷಿಣಕ್ಕೆ ತಿರುಗಿದಾಗ ಭೂಮಿಯ ಬೇಲಿಯ ಗೇಟು ತೆರೆಯುತ್ತದೆ. ಎಷ್ಟು ಹೊತ್ತಿಗೆ ತಿರುಗಿತು, ಎಷ್ಟು ಕೆಳಗಿಳಿಯಿತು, ಎಷ್ಟು ಹೊತ್ತು ಅಲ್ಲೇ ನಿಂತಿತು ಅಂತ ಮಳೆ ಪುಸ್ತಕದಲ್ಲಿ ಬರೆಯುವ ಹಾಗೆ ಬರೆಯಲಿ. ಅಮ್ಮ ಊಟಕ್ಕೆ ಕರೆದಾಗ ಎಷ್ಟನೇ ಕರೆಗೆ ಎದ್ದು ಬಂದಳು ಅಂತ ನೀವು ಎಣಿಸಿ. ಎರಡನ್ನೂ ಒಂದೇ ಕಾಗದದಲ್ಲಿ ಬರೆದು ನನಗೆ ಕಳಿಸಿ.